ನಮ್ಮ ಮಾತು ಕೇಳಬೇಕಂದ್ರ ಸಣ್ಣ ಸಿನೆಮಾನೇ ಬೇಕು
(ಕುರನೂರಿನಲ್ಲಿ ಯುವಕ ಯುವತಿಯರ ಮುಂದೆ ಆಡಿದ ಮಾತಿನ ಬರಹ ರೂಪ)



'ಕೆಜಿಎಫ್' ನೋಡದವರು ಕೈ ಎತ್ರಿ ಅಂದ್ರ ಇಲ್ಲಿ ಒಂದು ಕೈನೂ ಏಳಂಗಿಲ್ಲ. 'ಸೈರಾಟ್' ಅಂದ್ರೂ ಅಷ್ಟೇ. 'ಶಿವಮ್ಮ ಯರೇಹಂಚಿನಾಳ' ನೋಡಿದವರು ಯಾರು ಅಂತ ಕೇಳಿದ್ರ? ಎರಡೋ ಮೂರೋ ಕೈ ಎದ್ದರೆ ದೊಡ್ಡದು. ಇವತ್ತು ಅದರ ಬಗ್ಗೆನೇ ನಾಲ್ಕು ಮಾತು ಹೇಳ್ತೀನಿ.

ಮೊದಲೇ ಹೇಳಿಬಿಡ್ತೀನಿ, ದೊಡ್ಡ ಸಿನೆಮಾ ಬಯ್ಯಾಕ ನಾನು ಬಂದಿಲ್ಲ. ಸೀಟಿ ಹೊಡೆದು ನೋಡೋ ಸಿನೆಮಾನೂ ಬೇಕು. ಆದ್ರ ಅದರ ಲೆಕ್ಕ ಏನು ಅಂತ ತಿಳಕೊಳ್ರಿ. 'ಕೆಜಿಎಫ್ ಚಾಪ್ಟರ್ 2' 2022ರ ಏಪ್ರಿಲ್ 14ರಂದು ಐದು ಭಾಷೆಗಳಲ್ಲಿ ಬಂತು. ಖರ್ಚು ಸುಮಾರು 100 ಕೋಟಿ ಅಂತ ಪತ್ರಿಕೆಗಳು ಬರೆದವು. ಅಷ್ಟು ದುಡ್ಡು ವಾಪಸ್ ಬರಬೇಕಂದ್ರ ಪಟ್ನಾದವನಿಗೂ ಕೊಚ್ಚಿಯವನಿಗೂ ಒಂದೇ ಸಲ ತಿಳಿಯೋ ಕಥೆ ಬೇಕು. ಅಂಥ ಕಥೆಯೊಳಗೆ ಯಾವುದೋ ಒಂದು ಊರಿನ ಮಾತು, ಒಂದು ಊರಿನ ಜಗಳ ಹಿಡಿಯೋದು ಕಷ್ಟ. ನಿರ್ದೇಶಕರ ಮನಸ್ಸು ಸಣ್ಣದು ಅಂತಲ್ಲ, ಹಾಕಿದ ದುಡ್ಡು ಅವರ ಕೈ ಕಟ್ಟಿಹಾಕ್ತದ.

ಈಗ ನಮ್ಮ ಮನೆಯಲ್ಲಿ ದಿನಾ ಕೇಳೋ ಮಾತು ನೋಡ್ರಿ. "ಅಣ್ಣ ಸಾತ್‌ಬಾರಾ ತರಾಕ ತಲಾಠಿ ಕಡೆ ಹೋಗ್ಯಾನ, ಎಸ್‌ಟಿ ತಪ್ಪಿದ್ರ ಹೊತ್ತಾಗ್ತದ." ಇದು ಕನ್ನಡ ಹೌದೋ ಅಲ್ಲೋ? ಹೌದು. ಆದ್ರ ಬೆಂಗಳೂರಿನವರಿಗೆ ಪಹಣಿ ಗೊತ್ತು, ಸಾತ್‌ಬಾರಾ ಗೊತ್ತಿಲ್ಲ. ಅಲ್ಲಿ ಬರೆಯೋ ಸಿನೆಮಾದಲ್ಲಿ ಈ ಮಾತು ಬರಂಗಿಲ್ಲ. ಮುಂಬೈಯಲ್ಲಿ ಬರೆದ್ರ ಇದೇ ಅಣ್ಣ ಮರಾಠಿ ಮಾತಾಡ್ತಾನ. ಹಿಂಗಾಗಿ ಬೋರಿ ನದಿಯ ದಂಡೆಯ ಕನ್ನಡ ಎರಡೂ ಕಡೆಯ ಪರದೆಯ ಮೇಲೆ ಕೇಳೋದೇ ಇಲ್ಲ. ಕಾಣದ್ದು, ಕೇಳದ್ದು ನಾಚಿಕೆಯ ವಸ್ತು ಆಗ್ತದ. ಸೋಲಾಪುರದ ಕಾಲೇಜಿಗೆ ಹೋದ ನಮ್ಮ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಅವ್ವನ ಫೋನ್ ಬಂದ್ರ ದೂರ ಹೋಗಿ ಮಾತಾಡ್ತಾನ. ಯಾಕ ಅಂತ ನಿಮಗೂ ಗೊತ್ತದ.

ಇದಕ್ಕೆ ಉತ್ತರ ದೂರ ಹುಡುಕಬೇಕಾಗಿಲ್ಲ, ನಮ್ಮ ಜಿಲ್ಲೆಯಲ್ಲೇ ಅದ. ಕರಮಾಳಾ ತಾಲೂಕಿನ ಜೇವೂರಿನ ಹುಡುಗ ನಾಗರಾಜ ಮಂಜುಳೆ. 2013ರಲ್ಲಿ ಅವರು ಮಾಡಿದ ಮೊದಲ ಪೂರ್ಣ ಸಿನೆಮಾ 'ಫಂಡ್ರಿ'. ಊರಿನ ಹಂದಿ ಹಿಡಿಯೋ ಕೆಲಸಕ್ಕೆ ಹೋಗಬೇಕಾದ ಕೈಕಾಡಿ ಮನೆಯ ಹುಡುಗ ಜಬ್ಯಾನ ಕಥೆ. ನಿರ್ದೇಶಕರ ಮೊದಲ ಚಿತ್ರಕ್ಕೆ ಕೊಡೋ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ಜಬ್ಯಾನ ಪಾತ್ರ ಮಾಡಿದ ಸೋಮನಾಥ ಅವಘಡೆಗೂ ಬಾಲನಟ ರಾಷ್ಟ್ರಪ್ರಶಸ್ತಿ ಸಿಕ್ಕಿತು.

ನಾನು ಹೇಳಬೇಕಾದ್ದು ಆ ಹೆಸರಿನ ಬಗ್ಗೆ. 'ಫಂಡ್ರಿ' ಮರಾಠಿ ಶಬ್ದ ಅಲ್ಲ. ಅದು ಕೈಕಾಡಿ ಮಂದಿಯ ಮನೆಮಾತಿನ ಶಬ್ದ, ಅರ್ಥ ಹಂದಿ. ಕೈಕಾಡಿ ದ್ರಾವಿಡ ನುಡಿ. ತಮಿಳಿನಲ್ಲಿ ಪನ್ರಿ, ಹಳಗನ್ನಡದಲ್ಲಿ ಪಂದಿ, ನಮ್ಮಲ್ಲಿ ಹಂದಿ. ಅಂದ್ರ ನಮ್ಮ ಜಿಲ್ಲೆಯ ಇಷ್ಟು ಹೆಸರಾದ ಸಿನೆಮಾದ ಹೆಸರು ನಮ್ಮ 'ಹಂದಿ'ಯ ದಾಯಾದಿ! ಕೋಟಿ ಕೋಟಿ ಸುರಿದ ಕಂಪನಿ, ನೋಡುವವರಲ್ಲಿ ಹೆಚ್ಚಿನವರಿಗೆ ಅರ್ಥ ಆಗದ ಶಬ್ದವನ್ನ ಪೋಸ್ಟರಿನ ಮೇಲೆ ಹಾಕಾಕ ಹತ್ತು ಸಲ ವಿಚಾರ ಮಾಡ್ತದ. ಸಣ್ಣ ಸಿನೆಮಾಕ್ಕೆ ಆ ಧೈರ್ಯ ಬಂತು.

ಮುಂದೆ 2016ರಲ್ಲಿ 'ಸೈರಾಟ್'. ಅದಕ್ಕೆ ದೊಡ್ಡ ಸ್ಟುಡಿಯೋದ ಬೆಂಬಲ ಇತ್ತು ಖರೆ, ಆದ್ರ ಖರ್ಚು ಸುಮಾರು 4 ಕೋಟಿ. ನಾಯಕ ನಾಯಕಿ ಇಬ್ಬರೂ ಹೊಸಬರು. ರಿಂಕು ರಾಜಗುರು ನಮ್ಮ ಜಿಲ್ಲೆಯ ಅಕಲೂಜಿನ ಹುಡುಗಿ. ಪುಣೆಯ ಶಿಷ್ಟ ಮರಾಠಿ ಬಿಟ್ಟು ಕರಮಾಳಾ ಕಡೆಯ ಮಾತಿನಲ್ಲೇ ಮಾಡಿದ್ರು. ಗಳಿಕೆ 100 ಕೋಟಿ ದಾಟಿತು ಅಂತ ಸುದ್ದಿ ಬಂತು. ಅದೇ ಕಥೆ 2018ರಲ್ಲಿ ಹಿಂದಿಯಲ್ಲಿ 'ಧಡಕ್' ಆಗಿ ಉದಯಪುರಕ್ಕೆ ಹೋಯಿತು. ಅರಮನೆ ಬಂತು, ಕೆರೆ ಬಂತು, ಬಟ್ಟೆ ಚಂದ ಆದವು. ಜಾತಿಯ ಮುಳ್ಳು ಮಾತ್ರ ಮೊಂಡಾಯಿತು. ಎರಡೂ ನೋಡ್ರಿ, ಫರಕು ನಿಮಗೇ ತಿಳೀತದ.

ಇನ್ನು ಕನ್ನಡಕ್ಕ ಬರೋಣ. 'ಶಿವಮ್ಮ ಯರೇಹಂಚಿನಾಳ' ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಕಥೆ. ನಿರ್ದೇಶಕ ಜೈಶಂಕರ್, ನಿರ್ಮಾಪಕ ರಿಷಬ್ ಶೆಟ್ಟಿ. ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಅಡುಗೆ ಮಾಡೋ ಹೆಣ್ಣುಮಗಳು. ಗಂಡ ಹಾಸಿಗೆ ಹಿಡಿದಾನ. ಶಕ್ತಿ ಬರ್ತದ ಅಂತ ಹೇಳಿ ಮಾರೋ ಪುಡಿಯ ನೆಟ್‌ವರ್ಕ್ ಮಾರ್ಕೆಟಿಂಗಿಗೆ ಬಿದ್ದು, ಕೂಡಿಟ್ಟ ದುಡ್ಡು ಹಾಕ್ತಾಳ. ಇಂಥ ಪುಡಿ ಡಬ್ಬಿ ನಮ್ಮ ಊರಿಗೆ ಬಂದಿಲ್ಲೇನು? ನಟಿಸಿದವರು ಸಿನೆಮಾ ಮಂದಿ ಅಲ್ಲ, ಹಳ್ಳಿಯ ಮಂದಿ. ಮಾತು ಪೂರಾ ಉತ್ತರ ಕರ್ನಾಟಕದ್ದು. ಬೇರೆ ಸಿನೆಮಾಗಳಲ್ಲಿ ನಮ್ಮ ಕಡೆಯ ಮಾತು ಬರ್ತದ, ನಗಸಾಕ. ಇದರಲ್ಲಿ ಆ ಮಾತಿನಲ್ಲೇ ದುಃಖ, ಹಟ, ಲೆಕ್ಕಾಚಾರ ಎಲ್ಲ ಅದ. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಇದಕ್ಕೆ 'ನ್ಯೂ ಕರೆಂಟ್ಸ್' ಪ್ರಶಸ್ತಿ ಬಂತು. ಕೊರಿಯಾದವರಿಗೆ ಕೊಪ್ಪಳದ ಕನ್ನಡ ಬರ್ತಿತ್ತೇನು? ಕೆಳಗೆ ಅಕ್ಷರ ಓದಿ, ಮ್ಯಾಲೆ ಮುಖ ನೋಡಿ ತಿಳಕೊಂಡ್ರು.

ಸಣ್ಣದೆಲ್ಲ ಚಲೋ ಅಂತ ನಾನು ಹೇಳಂಗಿಲ್ಲ. ಬೇಜಾರು ಹಿಡಿಸೋ ಸಣ್ಣ ಸಿನೆಮಾ ಬೇಕಾದಷ್ಟವ. ಆದ್ರ ಕಳಕೊಳ್ಳೋದು ಕಡಿಮೆ ಇದ್ದವನಿಗೆ ಖರೆ ಹೇಳೋ ಸ್ವಾತಂತ್ರ್ಯ ಜಾಸ್ತಿ. ನನಗ ಹಿಡಿಸಿದ್ದು ಅದು.

ಹಂಗಾದ್ರ ನಾವು ಏನು ಮಾಡೋಣ? ಮೊದಲನೆಯದು ನೋಡೋದು. ಇಂಥ ಸಿನೆಮಾ ಸೋಲಾಪುರದ ಥಿಯೇಟರಿಗೆ ಬರ್ತದ ಅಂತ ಕಾಯ್ಕೋತ ಕೂಡಬ್ಯಾಡ್ರಿ. ಒಂದು ಪ್ರೊಜೆಕ್ಟರ್, ಒಂದು ಬಿಳಿ ಗೋಡೆ, ಚಲೋ ಸ್ಪೀಕರ್ ಇದ್ರ ಸಾಕು. ಸಿನೆಮಾ ಮಾಡಿದವರಿಗೆ ಪತ್ರ ಬರೆದು ಒಪ್ಪಿಗೆ ಕೇಳ್ರಿ. ಕದ್ದ ಕಾಪಿ ಹಾಕಬ್ಯಾಡ್ರಿ, ಸಣ್ಣವರ ಹೊಟ್ಟೆಮ್ಯಾಲೆ ಹೊಡದಂಗ ಆಗ್ತದ. ಮರಾಠಿ ಗೆಳೆಯರನ್ನೂ ಕರೀರಿ. ಒಂದು ತಿಂಗಳು ಅವರ ಸಿನೆಮಾ, ಒಂದು ತಿಂಗಳು ನಮ್ಮದು.

ಎರಡನೆಯದು ಮಾಡೋದು. ಅಸ್ಸಾಮಿನ ರೀಮಾ ದಾಸ್ ತಮ್ಮ ಊರು ಛಯಗಾಂವಕ್ಕೆ ಹೋಗಿ, ಊರಿನ ಮಕ್ಕಳನ್ನೇ ಕೂಡಿಸಿ 'ವಿಲೇಜ್ ರಾಕ್‌ಸ್ಟಾರ್ಸ್' ಮಾಡಿದ್ರು. ಬರೆದವರು, ಕ್ಯಾಮರಾ ಹಿಡಿದವರು, ಸಂಕಲನ ಮಾಡಿದವರು ಎಲ್ಲ ಅವರೇ. ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ಭಾರತದಿಂದ ಆಸ್ಕರಿಗೂ ಹೋಯಿತು. ನಮ್ಮ ಮಹಾರಾಷ್ಟ್ರದ್ದೇ ಮಾಲೇಗಾಂವ್ ನೋಡ್ರಿ, ಸೋಲಾಪುರದಂಗ ಮಗ್ಗದ ಊರು. ಅಲ್ಲಿಯ ಹುಡುಗರು ಸೈಕಲ್ ಮ್ಯಾಲೆ ಕ್ಯಾಮರಾ ಓಡಿಸಿ, ಎತ್ತಿನ ಗಾಡಿಯನ್ನ ಕ್ರೇನ್ ಮಾಡಿಕೊಂಡು ಸಿನೆಮಾ ತೆಗೆದ್ರು.

ನೀವು ಹತ್ತು ನಿಮಿಷದ್ದು ಮಾಡ್ರಿ. ಫೋನ್ ನಿಮ್ಮ ಕಿಸೆಯಲ್ಲೇ ಅದ. ಚಿತ್ರ ಸ್ವಲ್ಪ ಮಬ್ಬಾದ್ರೂ ನಡೀತದ, ದನಿ ಕೆಟ್ರ ಯಾರೂ ಕೂಡಂಗಿಲ್ಲ. ಹಂಗಾಗಿ ಮೊದಲ ದುಡ್ಡು ಮೈಕಿಗೆ ಹಾಕ್ರಿ. ಸಂಭಾಷಣೆಯನ್ನ ಪುಸ್ತಕದ ಕನ್ನಡಕ್ಕ ತಿದ್ದಬ್ಯಾಡ್ರಿ. ಆಯಿ ಹೆಂಗ ಮಾತಾಡ್ತಾಳೋ ಹಂಗೇ ಇಡ್ರಿ, ನಡುವೆ ಮರಾಠಿ ಬಂದ್ರ ಅದನ್ನೂ ಇಡ್ರಿ. ಕೆಳಗೆ ಮರಾಠಿಯಲ್ಲಿ ಅಕ್ಷರ ಹಾಕ್ರಿ, ನೆರೆಮನೆಯವರೂ ನೋಡಲಿ. ಯಾರ ಮನೆಯ ಕಥೆ ತೆಗೀತೀರೋ ಅವರನ್ನ ಕೇಳಿ ತೆಗೀರಿ.

ತಡ ಮಾಡಬ್ಯಾಡ್ರಿ. ಈ ಕನ್ನಡವನ್ನ ಪೂರಾ ಆಡೋ ಮುದುಕರು ಇವತ್ತು ಕಟ್ಟೆಮ್ಯಾಲೆ ಕೂತಾರ. ಇನ್ನ ಹತ್ತು ವರ್ಷಕ್ಕ ಎಷ್ಟು ಮಂದಿ ಇರ್ತಾರೋ! ಮುಂದಿನ ಸಲ ಕೂಡಿದಾಗ ಭಾಷಣ ಬ್ಯಾಡ, ನೀವು ತೆಗೆದ ಹತ್ತು ನಿಮಿಷ ತೋರಸ್ರಿ. ನಾನು ಮುಂದಿನ ಸಾಲಿನಲ್ಲಿ ಕೂತು ನೋಡ್ತೀನಿ.