ಆಪ್ತವಾಕ್ಯ ಯಾವುದು?



ತರ್ಕಶಾಸ್ತ್ರದಲ್ಲಿ ಶಬ್ದವೂ ಒಂದು ಪ್ರಮಾಣ. ಆದರೆ ಯಾರ ಶಬ್ದ? ಆಪ್ತನಾದವನ ಶಬ್ದ. ಇದ್ದುದನ್ನು ಇದ್ದಂತೆ ತಿಳಿದು, ತಿಳಿದಂತೆ ನುಡಿಯುವವನು, ಸುಳ್ಳಿನಿಂದ ಲಾಭ ಬಯಸದವನು ಆಪ್ತನು.

ಇಂದು ಮೊಬೈಲಿನಲ್ಲಿ ನೀವು ಏನು ಹುಡುಕಿದರೂ ಅದರ ಜಾಡು ಉಳಿಯುತ್ತದೆ. ಮಗಳಿಗೆ ವರ, ತಂದೆಯ ರೋಗ, ಮನೆಯ ಸಾಲ, ಎಲ್ಲದರ ಜಾಡೂ ಉಳಿಯುತ್ತದೆ. ಅದನ್ನು ಕೂಡಿಡುವ ಕಂಪನಿಗಳು ನಿಮ್ಮ ಗೋಪ್ಯವನ್ನು ಕಾಪಾಡುತ್ತೇವೆಂದು ವಾಗ್ದಾನ ಮಾಡುತ್ತವೆ. ಇದು ಆಪ್ತವಾಕ್ಯವೇ?

ಅವಾಸ್ಟ್ ಎಂಬ ಕಂಪನಿಯು ಕಂಪ್ಯೂಟರಿಗೆ ವೈರಸ್ ತಗಲದಂತೆ ಕಾಯುವುದು. ಜಾಡು ಹಿಡಿಯುವವರನ್ನು ತಡೆಯುತ್ತೇವೆಂದು ಹೇಳಿಯೇ ಅದು ಜನರ ವಿಶ್ವಾಸ ಗಳಿಸಿತು. ಅದೇ ಜನರ ಜಾಡನ್ನು 2014ರಿಂದ 2020ರವರೆಗೆ ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ನೂರಕ್ಕೂ ಹೆಚ್ಚು ಮಂದಿಗೆ ಮಾರಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಆರೋಪಿಸಿತು. ಜನರ ಧರ್ಮಶ್ರದ್ಧೆ, ಆರೋಗ್ಯ, ಹಣಕಾಸಿನ ಸುಳಿವುಗಳೂ ಅದರಲ್ಲಿದ್ದುವಂತೆ. ಕಂಪನಿಯು 1 ಕೋಟಿ 65 ಲಕ್ಷ ಡಾಲರ್ ತೆರಬೇಕಾಯಿತು. ಹಣವನ್ನೇನೋ ತೆರಬಹುದು, ಒಮ್ಮೆ ಹೊರಬಿದ್ದ ಗುಟ್ಟು ಮತ್ತೆ ಗುಟ್ಟಾಗುವುದೇ? ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ರೈತನು ಯಾರಿಗೆ ದೂರು ಹೇಳಬೇಕು?

ಹಾಗೆಂದು ಯಾರನ್ನೂ ನಂಬಬಾರದೆಂದು ನಾವು ಹೇಳುವುದಿಲ್ಲ. ವಿಶ್ವಾಸವಿಲ್ಲದೆ ಲೋಕವ್ಯವಹಾರ ನಡೆಯದು. ಆದರೆ ನಮ್ಮ ಗುಟ್ಟನ್ನು ಮಾರಿದರೆ ಲಾಭವುಳ್ಳವನ ಬರಿಯ ಮಾತು ಪ್ರಮಾಣವಾಗದು. ಅವನ ಲೆಕ್ಕವನ್ನು ಅನ್ಯರು ಪರೀಕ್ಷಿಸುವಂತಿರಬೇಕು; ತಪ್ಪಿದರೆ ದಂಡವಿರಬೇಕು. ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟು ಸಾರಿತು. ಆ ಮೊಕದ್ದಮೆ ಹೂಡಿದವರಲ್ಲಿ ಮೊದಲಿಗರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ಕಾಯಿದೆಯೂ ಬಂತು. ಆದರೆ ದಂಡವು ಕಳವಾದ ಮೇಲಿನ ಮಾತು. ಬಾಗಿಲಿಗೆ ಅಗುಳಿ ಹಾಕಬೇಕಾದವರು ನಾವೇ. ಕೇಳಿದ ಅನುಮತಿಗೆಲ್ಲ ಓದದೆ ಒಪ್ಪಿಗೆ ಒತ್ತಬೇಡಿರಿ. ಕೊಡದೆ ಉಳಿಸಿಕೊಂಡುದನ್ನು ಯಾರೂ ಮಾರಲಾರರು.

ಈ ಮಾತು ಮಠಕ್ಕೂ ಸಲ್ಲುತ್ತದೆ. ದಾಸೋಹದ ಪುಸ್ತಕದಲ್ಲಿ ನಿಮ್ಮ ಹೆಸರು, ಫೋನ್ ನಂಬರುಗಳಿವೆ. ಅವನ್ನು ಯಾರಿಗೂ ಕೊಡಕೂಡದೆಂದು ಅಪ್ಪಣೆ ಮಾಡಿದ್ದೇವೆ. ಕಾವಿ ಉಟ್ಟವರು ಹೇಳಿದರೆಂದು ಅಷ್ಟಕ್ಕೇ ನಂಬಬೇಡಿರಿ. ಯಾವ ಭಕ್ತರು ಬಂದು ಕೇಳಿದರೂ ಅವರ ಹೆಸರು ಎಲ್ಲಿದೆ, ಯಾತಕ್ಕಿದೆ ಎಂಬುದನ್ನು ತೋರಿಸಬೇಕು, ಬೇಡವೆಂದರೆ ಅಳಿಸಬೇಕು. ನುಡಿಗೆ ನಡೆಯೇ ಸಾಕ್ಷಿ. ಗುರುಪೀಠಕ್ಕೂ ಬೇರೆ ಸಾಕ್ಷಿಯಿಲ್ಲ.

ನಂಬಿಕೆಗೆ ಅರ್ಹರಾಗುವ ಬುದ್ಧಿಯನ್ನೂ, ಅರ್ಹರನ್ನು ಗುರುತಿಸುವ ವಿವೇಕವನ್ನೂ ಪರಶಿವನು ನಿಮಗೆಲ್ಲ ಕರುಣಿಸಲೆಂದು ಹಾರೈಸುತ್ತೇವೆ.