ವಕೀಲ-ಸಹಾಯಕರ ವಿದ್ಯೆ: ಅಮೇರಿಕೆಯ ಸಮುದಾಯ ಕಾಲೇಜುಗಳ ಒಂದು ಪಾಠ



ನ್ಯಾಯವು ಎಲ್ಲರಿಗೂ ಸಮಾನವೆಂದು ಹೇಳುವದು ಸುಲಭ. ಆದರೆ ಹಣವಿಲ್ಲದವನನ್ನು ನ್ಯಾಯಾಸ್ಥಾನದ ಬಾಗಿಲವರೆಗೆ ಕೈಹಿಡಿದು ಕರೆದೊಯ್ಯುವವರು ಯಾರೆಂಬ ಪ್ರಶ್ನೆಯು ಯಾವ ದೇಶಕ್ಕೂ ಸುಲಭವಾದುದಲ್ಲ. ಸಿರಿವಂತ ರಾಷ್ಟ್ರವೆನಿಸಿದ ಅಮೇರಿಕೆಯಲ್ಲಿಯೂ ಹಾಗೆಯೇ ಇರುವದು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1963ರ ಗಿಡಿಯನ್ ಖಟ್ಲೆಯಲ್ಲಿ, ಗುರುತರವಾದ ಅಪರಾಧದ ಆರೋಪಕ್ಕೊಳಗಾದ ಬಡವನಿಗೆ ಸರಕಾರವೇ ವಕೀಲನನ್ನು ಒದಗಿಸತಕ್ಕದ್ದೆಂದು ತೀರ್ಪಿತ್ತಿತು. ಆದರೆ ದಿವಾಣಿ ಖಟ್ಲೆಗಳಿಗೆ ಆ ಹಕ್ಕು ಸಾಮಾನ್ಯವಾಗಿ ಅನ್ವಯಿಸುವದಿಲ್ಲ. ತಾಯಿಯ ಮೇಲಣ ಮಗುವಿನ ಸಂಬಂಧವನ್ನೇ ಕಡಿದುಹಾಕುವ ಖಟ್ಲೆಯಲ್ಲಿ ಕೂಡ ಪ್ರತಿಯೊಬ್ಬ ಬಡ ತಾಯಿಗೂ ವಕೀಲನನ್ನು ಕೊಡಲೇಬೇಕೆಂಬ ನಿರ್ಬಂಧವಿಲ್ಲವೆಂದು ಅದೇ ನ್ಯಾಯಾಲಯವು 1981ರಲ್ಲಿ ಹೇಳಿತು. ಆದುದರಿಂದ ಬಾಡಿಗೆ ಮನೆ, ಸಾಲ, ವಿವಾಹವಿಚ್ಛೇದ ಮೊದಲಾದ ವ್ಯವಹಾರಗಳಲ್ಲಿ ಅಸಂಖ್ಯ ಜನರು ನ್ಯಾಯಾಧೀಶರ ಮುಂದೆ ಒಂಟಿಯಾಗಿ ನಿಲ್ಲಬೇಕಾಗಿರುವದು.

ವಕೀಲರ ವೆಚ್ಚವನ್ನು ತಗ್ಗಿಸುವ ಒಂದು ಮಾರ್ಗವಾಗಿ ಆ ದೇಶದಲ್ಲಿ ‘ಪ್ಯಾರಾಲೀಗಲ್’ ಎಂಬ ವಕೀಲ-ಸಹಾಯಕರ ವರ್ಗವು ಬೆಳೆಯಿತು. ವಕೀಲರ ರಾಷ್ಟ್ರೀಯ ಸಂಘವಾದ ಅಮೇರಿಕನ್ ಬಾರ್ ಅಸೋಸಿಯೇಶನ್ನು 1968ರಲ್ಲಿ ಈ ವಿಷಯಕ್ಕಾಗಿ ಒಂದು ವಿಶೇಷ ಸಮಿತಿಯನ್ನು ನೇಮಿಸಿ, 1975ರಿಂದ ಇವರ ಶಿಕ್ಷಣಕ್ರಮಗಳಿಗೆ ಮಾನ್ಯತೆಯನ್ನು ಕೊಡಲಾರಂಭಿಸಿತು. ಇಂತಹ ಶಿಕ್ಷಣಕ್ಕೆ ಬಹುಮಟ್ಟಿಗೆ ಆಶ್ರಯವಾದವು ಸಮುದಾಯ ಕಾಲೇಜುಗಳು. 1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ಪಟ್ಟಣದಲ್ಲಿ ಕಿರಿಯ ಕಾಲೇಜೊಂದು ಹುಟ್ಟಿದುದು ಇವುಗಳ ಮೂಲ. ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಆಯೋಗದ 1947ರ ವರದಿಯಿಂದ ‘ಸಮುದಾಯ ಕಾಲೇಜು’ ಎಂಬ ಹೆಸರು ದೇಶವೆಲ್ಲ ಹಬ್ಬಿತು. ಹಗಲು ದುಡಿದು ಸಂಜೆ ಓದುವವರು, ಮಕ್ಕಳನ್ನು ಸಾಕುತ್ತಿರುವ ತಾಯಂದಿರು, ಮಧ್ಯವಯಸ್ಸಿನಲ್ಲಿ ಹೊಸ ಉದ್ಯೋಗವನ್ನು ಅರಸುವವರು, ಹೀಗೆ ಎಲ್ಲ ಬಗೆಯ ವಿದ್ಯಾರ್ಥಿಗಳಿಗೆ ಇವುಗಳ ಬಾಗಿಲು ತೆರೆದಿರುವದು.

ಇಲ್ಲಿಯ ಎರಡು ವರ್ಷದ ಪದವಿಗೆ ಸುಮಾರು 60 ಅಂಕಮಾನಗಳ ಅಭ್ಯಾಸವು ಬೇಕು. ಸಂಘದ ಮಾನ್ಯತೆಯುಳ್ಳ ಕ್ರಮದಲ್ಲಿ ಇವುಗಳ ಪೈಕಿ 18 ಆದರೂ ಕಾಯಿದೆಯ ವಿಷಯಗಳಾಗಿರತಕ್ಕವು. ದಿವಾಣಿ ವ್ಯವಹಾರದ ವಿಧಾನ, ಕರಾರುಗಳು, ಹಳೆಯ ತೀರ್ಪುಗಳನ್ನು ಹುಡುಕಿ ತೆಗೆಯುವ ಬಗೆ, ದಸ್ತೈವಜುಗಳ ಬರವಣಿಗೆ, ವೃತ್ತಿಧರ್ಮ ಮುಂತಾದವನ್ನು ಕಲಿಸುವರು. ಕ್ಯಾಲಿಫೋರ್ನಿಯಾದಲ್ಲಿ ಆ ಪ್ರಾಂತದ ನಿವಾಸಿಗಳಿಗೆ ಅಂಕಮಾನವೊಂದಕ್ಕೆ 46 ಡಾಲರಿನ ಶುಲ್ಕವು 2012ರಲ್ಲಿ ಗೊತ್ತಾಯಿತು. ಆ ದರದಲ್ಲಿ ಲೆಕ್ಕ ಹಾಕಿದರೆ ಪದವಿಯ ಶುಲ್ಕವೆಲ್ಲ 2,760 ಡಾಲರು ಮಾತ್ರ.

ಆದರೆ ಈ ವಿದ್ಯೆಯ ಅತ್ಯಂತ ಕಠಿಣವಾದ ಪಾಠವು ಕಾಯಿದೆಯ ಕಲಮುಗಳಲ್ಲಿಲ್ಲ. ಅರಿವು ಇದ್ದರೂ ಅಧಿಕಾರವಿಲ್ಲದೆಡೆ ತಡೆದು ನಿಲ್ಲುವದರಲ್ಲಿರುವದು. ಕ್ಯಾಲಿಫೋರ್ನಿಯಾದಲ್ಲಿ 2001ರಿಂದ ಜಾರಿಗೆ ಬಂದ ಕಾಯಿದೆಯ ಮೇರೆಗೆ, ಪ್ಯಾರಾಲೀಗಲ್ಲನು ವಕೀಲನ ಮೇಲ್ವಿಚಾರಣೆಯಲ್ಲಿಯೇ ಕೆಲಸಮಾಡತಕ್ಕದ್ದು. ಕಾಯಿದೆಯ ಸಲಹೆಯನ್ನು ಕೊಡಕೂಡದು. ಪಕ್ಷಕಾರನ ಪರವಾಗಿ ಕೋರ್ಟಿನಲ್ಲಿ ವಾದಿಸಕೂಡದು. ತನ್ನ ವಕೀಲನ ಹೊರತು ಬೇರೆ ಯಾರಿಗೂ ಕಾಗದಪತ್ರಗಳನ್ನು ಆರಿಸಿಕೊಡಕೂಡದು, ಬರೆದುಕೊಡಕೂಡದು. ಅನುಮತಿಯಿಲ್ಲದೆ ವಕೀಲಿಯನ್ನು ನಡೆಸಿದವನಿಗೆ ಅಲ್ಲಿ ಒಂದು ವರ್ಷದವರೆಗೆ ಸೆರೆವಾಸವಾಗಬಹುದು.

ಇದರ ಬಿಸಿಯನ್ನು ತಿಳಿಯಲು, ಸಂಜೆಯ ತರಗತಿಯಿಂದ ಮರಳಿದ ವಿದ್ಯಾರ್ಥಿನಿಯೊಬ್ಬಳನ್ನು ಭಾವಿಸಿಕೊಳ್ಳಬಹುದು. ನೆರೆಮನೆಯ ವಿಧವೆಯು ಮನೆ ಬಿಡಿಸುವ ದಾವೆಯ ಸಮನ್ಸನ್ನು ಹಿಡಿದು ಬಾಗಿಲಲ್ಲಿ ನಿಂತು, ಏನು ಬರೆಯಬೇಕೆಂದು ಕೇಳುತ್ತಾಳೆ. ಮುದ್ದತಿನೊಳಗೆ ಕೈಫಿಯತ್ತು ಸಲ್ಲದಿದ್ದರೆ ಏಕಪಕ್ಷೀಯ ತೀರ್ಪಾಗಿ ಆ ಸಂಸಾರವು ಬೀದಿಗೆ ಬೀಳಬಹುದು. ವಿದ್ಯಾರ್ಥಿನಿಗೆ ಉತ್ತರವು ನಾಲಗೆಯ ತುದಿಯಲ್ಲಿಯೇ ಇದೆ. ಕರುಣೆಯು ಹೇಳೆನ್ನುವದು, ನಿಯಮವು ತಡೆಯೆನ್ನುವದು. ಇಲ್ಲಿ ನಿಯಮವು ಕೇವಲ ಕ್ರೂರವೆಂದು ತಿಳಿಯುವದು ಸರಿಯಲ್ಲ. ಯಾಕೆಂದರೆ ಆ ಪ್ರಾಂತದಲ್ಲಿ ಇಂತಹ ದಾವೆಗೆ ಉತ್ತರವೀಯುವ ಮುದ್ದತು ಬಹುಕಾಲ 5 ದಿವಸಗಳಾಗಿದ್ದು, 2025ರ ಜನೇವರಿ 1ರಿಂದ ಸೂಟಿಯ ದಿನಗಳನ್ನು ಬಿಟ್ಟು 10 ದಿವಸಗಳಾಯಿತು. ಹಳೆಯ ಪುಸ್ತಕವನ್ನೋದಿದವಳು ಆ ಬದಲಾವಣೆಯ ನಂತರ, ಕಾಲವು ಮೀರಿಹೋಯಿತೆಂದು ಹೇಳಿ ವಿಧವೆಯನ್ನು ಅಳುತ್ತ ಹಿಂದಕ್ಕೆ ಕಳಿಸಬಹುದಾಗಿತ್ತು. ಅರ್ಧ ಅರಿವು ಕೊಟ್ಟ ಸಲಹೆಯ ದಂಡವನ್ನು ಸಲಹೆ ಕೊಟ್ಟವರು ತೆರುವದಿಲ್ಲ, ಕೇಳಿದವರು ತೆರುತ್ತಾರೆ.

ಹಾಗಾದರೆ ಅವಳು ಬಾಗಿಲು ಮುಚ್ಚಿಕೊಳ್ಳಬೇಕೇ? ಎಷ್ಟುಮಾತ್ರಕ್ಕೂ ಬೇಡ. ಸಮನ್ಸಿನಲ್ಲಿ ಅಚ್ಚಾಗಿರುವ ಮುದ್ದತನ್ನು ಅವಳು ಓದಿ ತೋರಿಸಬಹುದು. ಜಿಲ್ಲಾ ಕೋರ್ಟಿನ ಸ್ವಸಹಾಯ ಕೇಂದ್ರವೆಲ್ಲಿ, ಬಡವರ ವಕೀಲರ ಕಚೇರಿಯೆಲ್ಲಿ ಎಂಬುದನ್ನು ತಿಳಿಸಬಹುದು. ಬೆಳಗಾಗುತ್ತಲೇ ಆ ತಾಯಿಯ ಜೊತೆಗೆ ಅಲ್ಲಿಗೆ ನಡೆದುಹೋಗಬಹುದು. ಯಾವ ಆಕ್ಷೇಪವನ್ನೆತ್ತಬೇಕೆಂಬುದನ್ನು ಮಾತ್ರ ಅಧಿಕಾರಿಯಾದವನಿಗೆ ಬಿಡತಕ್ಕದ್ದು.

ಆದರೂ ಈ ಗಡಿಯು ಬಡವರ ರಕ್ಷಣೆಗಾಗಿಯೋ, ವಕೀಲರ ಆದಾಯದ ರಕ್ಷಣೆಗಾಗಿಯೋ ಎಂಬ ಸಂಶಯವು ಆ ದೇಶದಲ್ಲಿಯೇ ಎದ್ದಿರುವದು. ವಾಶಿಂಗ್ಟನ್ ಪ್ರಾಂತವು 2012ರಲ್ಲಿ, ತರಬೇತಾದ ವಕೀಲೇತರರಿಗೂ ಮಿತವಾದ ಕ್ಷೇತ್ರದಲ್ಲಿ ಸಲಹೆಯನ್ನೀಯುವ ಅನುಜ್ಞೆಯನ್ನು ಕೊಟ್ಟು, 2020ರಲ್ಲಿ ಆ ಯೋಜನೆಯನ್ನು ಮುಗಿಸಲು ನಿಶ್ಚಯಿಸಿತು. ಯೂಟಾ ಪ್ರಾಂತವು 2018ರಲ್ಲಿ, ಅರಿಜೋನಾ 2021ರಲ್ಲಿ ಅದೇ ದಾರಿಯನ್ನು ಹಿಡಿದವು. ಗಡಿಯನ್ನು ಎಲ್ಲಿ ಎಳೆಯಬೇಕೆಂಬ ಚರ್ಚೆಯು ಮುಗಿದಿಲ್ಲ; ಗಡಿಯೇ ಬೇಡವೆಂದು ಈ ಪ್ರಾಂತಗಳಲ್ಲಿ ಯಾವದೂ ಹೇಳಿಲ್ಲ. ಅನುಜ್ಞೆಯನ್ನು ವಿಸ್ತರಿಸಿದವರು ಅದರ ಜೊತೆಗೆ ಶಿಕ್ಷಣವನ್ನೂ ಪರೀಕ್ಷೆಯನ್ನೂ ಕೇಳಿದರು.

ಕನ್ನಡನಾಡಿಗೂ ಈ ವಿಚಾರವು ದೂರದ್ದಲ್ಲ. ಭಾರತದಲ್ಲಿ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯು 1995ರಲ್ಲಿ ಜಾರಿಗೆ ಬಂದು, 2009ರಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕರ ಯೋಜನೆಯು ಹುಟ್ಟಿತು. ಅವರೂ ವಕೀಲರಲ್ಲ, ಜನರಿಗೂ ಕಾನೂನು ಸೇವಾ ಸಂಸ್ಥೆಗಳಿಗೂ ನಡುವಣ ಸೇತುವೆಗಳು. ಸೇತುವೆಯು ತಾನೇ ಊರಾಗುವದಿಲ್ಲ, ಆದರೆ ಅದಿಲ್ಲದೆ ಹೊಳೆಯ ಆಚೆಯ ಊರು ಮುಟ್ಟುವದಿಲ್ಲ. ತನಗೆ ತಿಳಿದುದೆಷ್ಟು, ತಾನು ಹೇಳಬಹುದಾದುದೆಷ್ಟು, ಅದರಾಚೆಗೆ ಯಾರ ಕೈಗೆ ಒಪ್ಪಿಸಬೇಕು, ಈ ಮೂರನ್ನೂ ಬಲ್ಲ ಸಹಾಯಕನು ಊರಿಗೊಬ್ಬನಾದರೆ, ಕಾಗದವನ್ನು ಹಿಡಿದು ಬಾಗಿಲಲ್ಲಿ ನಿಂತ ತಾಯಿಯು ಆ ರಾತ್ರಿ ನೆಮ್ಮದಿಯಿಂದ ಮಲಗಿಯಾಳು. ಅಂತಹ ವಿದ್ಯಾರ್ಥಿಗಳು ಎಲ್ಲೆಡೆ ಹೆಚ್ಚಲಿ.