ಮೊದಲು ಬರೆದಿಡಿ



ಪುನರ್ಜನ್ಮ ನಮ್ಮ ಹಾಸನ ಜಿಲ್ಲೆಗೆ ಹೊಸ ವಿಷಯವೇನಲ್ಲ. ಶ್ರವಣಬೆಳಗೊಳ ಇರುವುದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ಅಲ್ಲಿನ ಬಾಹುಬಲಿಯ ಕಥೆಯನ್ನೂ ಒಳಗೊಂಡ ‘ಆದಿಪುರಾಣ’ದಲ್ಲಿ ಪಂಪ ತೀರ್ಥಂಕರ ಆದಿನಾಥನ ಹಿಂದಿನ ಭವಗಳನ್ನು ಒಂದೊಂದಾಗಿ ಹೇಳುತ್ತಾನೆ, ಅದು 941ರ ಕಾವ್ಯ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಮಗ ನವಿಲಾಗಿ, ತಾಯಿ ನಾಯಾಗಿ ಹುಟ್ಟುತ್ತಾರೆ. ಹಿಂಸೆಯ ಸಂಕಲ್ಪವೂ ಹಿಂಸೆಯೇ ಎಂದು ಮನಮುಟ್ಟಿಸಲು ಜನ್ನನಿಗೆ ಆ ಜನ್ಮಗಳು ಬೇಕಿದ್ದವು. ಆ ಕಾವ್ಯಕ್ಕೆ ನಾನು ಕೈಮುಗಿಯುತ್ತೇನೆ, ಸಾಕ್ಷಿ ಕೇಳುವುದಿಲ್ಲ.

ಆದರೆ “ಪಕ್ಕದೂರಲ್ಲಿ ಸತ್ತವನೇ ಈ ಮಗು” ಎಂದು ಯಾರಾದರೂ ಹೇಳಿದರೆ ಸಾಕ್ಷಿ ಕೇಳಲೇಬೇಕು.

ಕೇಳಿದವರಿದ್ದಾರೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ದಶಕಗಳ ಕಾಲ ಇಂಥ ಪ್ರಕರಣಗಳನ್ನು ಕಲೆಹಾಕಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಈ ಕೆಲಸದಲ್ಲಿ ಸ್ಟೀವನ್‌ಸನ್ ಜೊತೆಗೂಡಿ ದುಡಿದರು. 1990ರಲ್ಲಿ ಪಸ್ರೀಚಾ ಈ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು. ಇವರಿಬ್ಬರ ಶ್ರಮವನ್ನು ಹಗುರವಾಗಿ ಕಾಣಬಾರದು. ಅವರಿಬ್ಬರೂ ಪರಿಶೀಲಿಸಿದ ನಾಗಪುರದ ಒಂದು ಪ್ರಕರಣವನ್ನೇ ನೋಡಿ. 1974ರಲ್ಲಿ ಒಬ್ಬ ಮರಾಠಿ ಮಹಿಳೆ ಇದ್ದಕ್ಕಿದ್ದಂತೆ ತನ್ನನ್ನು ಶಾರದಾ ಎಂದು ಕರೆದುಕೊಂಡು ಬಂಗಾಳಿ ಮಾತನಾಡತೊಡಗಿದರು. ಆಕೆ ಹೇಳಿದ ಮನೆತನದ ಗಂಡಸರ ಹೆಸರುಗಳು ಬಂಗಾಳದ ಒಂದು ವಂಶಾವಳಿಗೆ ಹೊಂದಿಕೊಂಡವು. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಆಕೆ ಅದಕ್ಕೆ ಮೊದಲೇ ಬಂಗಾಳಿ ಓದಲು ಒಂದಿಷ್ಟು ಪಾಠ ಹೇಳಿಸಿಕೊಂಡಿದ್ದರು. ಇದನ್ನು ಸಂಶೋಧಕರೇ ಮುಚ್ಚಿಡದೆ ದಾಖಲಿಸಿದ್ದಾರೆ. ಕಲಿತದ್ದೆಷ್ಟು, ತಾನಾಗಿ ಬಂದದ್ದೆಷ್ಟು ಎಂದು ಬೇರ್ಪಡಿಸುವ ದಾರಿ ಅಲ್ಲಿಗೇ ಮುಚ್ಚಿಹೋಯಿತು.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಸ್ಟೀವನ್‌ಸನ್ ಅವರಿಗೆ ಸಿಕ್ಕ ಭಾರತದ ಪ್ರಕರಣಗಳಲ್ಲಿ ಹೆಚ್ಚಿನವು ಉತ್ತರದವು. ಸಾವು ನಮ್ಮಲ್ಲೂ ಇದೆ, ನಂಬಿಕೆಯೂ ಇದೆ. ನೆನಪು ಮಾತ್ರ ಅಲ್ಲೇ ಏಕೆ ಹೆಚ್ಚು? ಮಗುವಿನ ತೊದಲು ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದನ್ನು ಸುತ್ತಲಿನ ಜನ ಕಲಿಸುತ್ತಾರೆ ಎಂದೇ ನನಗೆ ಅನಿಸುತ್ತದೆ. ಎರಡು ಮೂರು ವರ್ಷದ ಕೂಸು “ನನ್ನ ಮನೆ ಬೇರೆ” ಎನ್ನುತ್ತದೆ. ಅಜ್ಜಿ “ಯಾವೂರು ಮಗ? ಬಾವಿ ಇತ್ತಾ?” ಎಂದು ಕೇಳುತ್ತಾರೆ. ಕೂಸು ಹೂಂಗುಟ್ಟುತ್ತದೆ. ಬಾವಿ ಇರುವ, ಯಾರೋ ಅಕಾಲದಲ್ಲಿ ತೀರಿಕೊಂಡ ಮನೆ ಹುಡುಕಿದರೆ ಸಿಗದೇ ಇರುತ್ತದೆಯೇ? ಎರಡೂ ಮನೆಯವರು ಕೂತು ಅತ್ತು ಮಾತಾಡಿದ ಮೇಲೆ, ಮಗು ಮೊದಲು ಹೇಳಿದ್ದೇನು ಎಂಬುದು ಯಾರ ನೆನಪಿನಲ್ಲೂ ಶುದ್ಧವಾಗಿ ಉಳಿಯುವುದಿಲ್ಲ. ಪರಿಶೀಲಕರು ಬರುವುದು ಬಹುಪಾಲು ಆಮೇಲೆ. ಎರಡೂ ಮನೆಯವರ ಭೇಟಿಗೆ ಮುಂಚೆಯೇ ಬರೆದಿಟ್ಟ ಪ್ರಕರಣಗಳು ತೀರಾ ಕಡಿಮೆ. ಇಡೀ ವಾದ ಸೋಲುವುದು ಇಲ್ಲೇ.

ನೆನಪಿಗಷ್ಟೇ ಅಲ್ಲ, ಪ್ರತಿಭೆಗೂ ನಾವು ಹಿಂದಿನ ಜನ್ಮವನ್ನು ಕಾರಣ ಮಾಡುತ್ತೇವೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನು ನೆನೆಯಿರಿ. ಆರ್.ಕೆ. ಶ್ರೀಕಂಠನ್ ಅವರಂಥ ಸಂಗೀತ ವಿದ್ವಾಂಸರು ಹುಟ್ಟಿದ ಕಾವೇರಿ ದಡದ ಊರು. ಸಂಗೀತದ ಮನೆಯ ಮಗು ಬೇಗ ರಾಗ ಹಿಡಿದರೆ ಪೂರ್ವಜನ್ಮದ ಸಂಸ್ಕಾರ ಎನ್ನುತ್ತೇವೆ. ಹಾಗೆನ್ನುವಾಗ, ಬೆಳಗಿನ ಜಾವ ಎಬ್ಬಿಸಿ ಸರಳೆ ವರಸೆ ಹಾಡಿಸಿದ ತಂದೆಯ ದುಡಿಮೆಯನ್ನು ಮರೆಯುತ್ತೇವೆ.

ನಂಬಿಕೆ ಕೆಡುಕಾಗುವ ಜಾಗವೂ ಇದೆ. ಕಾಲು ಊನವಾದ ಮಗುವಿನ ತಾಯಿಗೆ “ಹಿಂದಿನ ಜನ್ಮದ ಪಾಪ” ಎನ್ನುವುದು ಕ್ರೌರ್ಯ. ಜಾತಿಯ ಕೀಳನ್ನು ಕರ್ಮದ ತಲೆಗೆ ಕಟ್ಟಿದ್ದೂ ಇದೇ ಮಾತು. ಹಿಂದಿನ ಜನ್ಮದಲ್ಲಿ ನೀನು ನನ್ನ ಹೆಂಡತಿಯಾಗಿದ್ದೆ ಎಂದು ನಂಬಿಸಿ ಹೆಣ್ಣನ್ನು ಬಳಸಿಕೊಳ್ಳುವುದನ್ನು ಮಹಾರಾಷ್ಟ್ರದ 2013ರ ಕಾನೂನು ಹೆಸರಿಸಿಯೇ ಅಪರಾಧವೆಂದಿತು. ಹಾಗೆ ಬರೆಯಬೇಕಾಗಿ ಬಂತೆಂದರೆ ಮೋಸ ಎಷ್ಟು ಬಳಕೆಯಲ್ಲಿದ್ದಿರಬೇಕು!

ಇಂಥ ನಂಬಿಕೆಗಳನ್ನು ಪ್ರಶ್ನಿಸಿದವರು ನಮ್ಮಲ್ಲೂ ಇದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ, ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ಮಾಡಿದರು. ಪ್ರಶ್ನೆ ಕೇಳುವುದು ಅಪಮಾನವಲ್ಲ ಎಂದು ಗಟ್ಟಿಯಾಗಿ ಹೇಳಿದವರು ಅವರು.

ಇಲ್ಲಿರುವ ಮೇಷ್ಟ್ರುಗಳಲ್ಲಿ, ಅಂಗನವಾಡಿ ಕಾರ್ಯಕರ್ತೆಯರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮೂರಿನ ಮಗು ಇಂಥ ಮಾತಾಡಿದರೆ ಗದರಬೇಡಿ, ಮೆರೆಸಲೂಬೇಡಿ. ಅದು ಹೇಳಿದ್ದನ್ನು ಅದರ ಮಾತಿನಲ್ಲೇ, ತಾರೀಖು ಹಾಕಿ, ಇಬ್ಬರ ಸಹಿಯೊಂದಿಗೆ ಬರೆದಿಡಿ. ಅಲ್ಲಿಯವರೆಗೆ ಯಾರನ್ನೂ ಮಗು ಹೇಳಿದ ಊರಿಗೆ ಕಳಿಸಬೇಡಿ, ಮೊಬೈಲ್ ಹಿಡಿದವರನ್ನು ಮಗುವಿನ ಹತ್ತಿರ ಬಿಡಬೇಡಿ.